ಗ್ರಾಮಸಭೆಯ ನೋಟ್ಸ್ ಫೋನಿನಲ್ಲಿ ಇಟ್ಟುಕೊಳ್ಳುವುದು ಹೇಗೆ?

‘ಹೋದ ಸಭೇಲೂ ಇದನ್ನೇ ಹೇಳಿದ್ವಲ್ಲ ಸ್ವಾಮಿ’ ಅಂತ ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ. ‘ಯಾವ ಸಭೇಲಿ? ಯಾವ ತಾರೀಕು?’ ಅಂತ ವೇದಿಕೆಯಿಂದ ಪ್ರಶ್ನೆ ಬರುತ್ತೆ. ಕೂಗಿದವರು ಪಕ್ಕದವರ ಮುಖ ನೋಡುತ್ತಾರೆ, ಪಕ್ಕದವರು ಶಾಮಿಯಾನ ನೋಡುತ್ತಾರೆ. ‘ಆಯ್ತು ಬರ್ಕೊಂಡಿದೀವಿ, ಮಾಡ್ಸಿಕೊಡ್ತೀವಿ’ ಅನ್ನುವಲ್ಲಿಗೆ ಆ ವಿಷಯ ಮುಗಿಯಿತು. ಮುಂದಿನ ಸಭೆಗೆ ಅದೇ ಚರಂಡಿ, ಅದೇ ಕೂಗು.

ಗ್ರಾಮಸಭೆಗೆ ಹೋಗಿ ಬಂದ ಯಾರಿಗೂ ಈ ದೃಶ್ಯ ಹೊಸದಲ್ಲ. ಇಲ್ಲಿ ಜನರ ಹತ್ತಿರ ಕೋಪಕ್ಕೇನೂ ಕಮ್ಮಿ ಇರಲ್ಲ, ತಾರೀಕು ಇರಲ್ಲ ಅಷ್ಟೇ. ಸಭೆಯಲ್ಲಿ ಏನು ನಡೆಯಿತು ಅನ್ನುವುದಕ್ಕೆ ಇರುವ ಒಂದೇ ಲಿಖಿತ ಸಾಕ್ಷಿ ಪಂಚಾಯ್ತಿಯ ನಡಾವಳಿ ಪುಸ್ತಕ. ಅದು ಪಂಚಾಯ್ತಿ ಕಚೇರಿಯ ಬೀರುವಿನಲ್ಲಿರುತ್ತೆ. ಸಭೆಯಲ್ಲಿ ಕೂತ ಹುಡುಗ ಹುಡುಗಿಯರ ಕೈಯಲ್ಲಿ ಮಾತ್ರ ಫೋನ್ ಇರುತ್ತೆ, ಅದರಲ್ಲೊಂದು ನೋಟ್ಸ್ ಆ್ಯಪ್ ಕೂಡ ಇರುತ್ತೆ, ಬಹುತೇಕ ಕಡೆ ಅದನ್ನು ಯಾರೂ ತೆರೆದೇ ಇರಲ್ಲ.

ಈ ಬರಹದಲ್ಲಿ ಸಾಲಿಗ್ರಾಮ ತಾಲೂಕನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಕೆ.ಆರ್. ನಗರದಿಂದ ಬೇರೆಯಾಗಿ ಹೊಸ ತಾಲೂಕಾದ ಊರು. ಹಳೇ ಕಾಗದದಲ್ಲಿ ಒಂದು ತಾಲೂಕು, ಹೊಸ ಕಾಗದದಲ್ಲಿ ಇನ್ನೊಂದು. ದಾಖಲೆ ಜೋಡಿಸಿಟ್ಟುಕೊಳ್ಳುವವರಿಗೆ ಇಂಥ ಊರಿನಲ್ಲಿ ಕೆಲಸ ಜಾಸ್ತಿ. ವಿಧಾನ ಮಾತ್ರ ರಾಜ್ಯದ ಯಾವ ಪಂಚಾಯ್ತಿಗಾದರೂ ಆಗುತ್ತೆ.

ಮೊದಲು ಕಾನೂನು, ಚುಟುಕಾಗಿ

ಸಂವಿಧಾನದ 243ಎ ವಿಧಿ ಗ್ರಾಮಸಭೆಗೆ ಜಾಗ ಕೊಟ್ಟಿದೆ. ಅದು ಬಂದದ್ದು 73ನೇ ತಿದ್ದುಪಡಿಯಿಂದ, 1993ರ ಏಪ್ರಿಲ್ 24ರಂದು ಜಾರಿಯಾಯಿತು. ಕರ್ನಾಟಕ ಅದಕ್ಕೂ ಹತ್ತು ವರ್ಷ ಮೊದಲೇ, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1983ರ ಕಾಯ್ದೆಯಲ್ಲಿ ಗ್ರಾಮಸಭೆಯನ್ನು ತಂದಿತ್ತು. ಈಗ ನಡೆಯುತ್ತಿರುವುದು 1993ರ ಕಾಯ್ದೆ. 2015ರ ತಿದ್ದುಪಡಿಯ ಮೇಲೆ ಅದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮಸಭೆ ಅಂತ ಮೂರು ಹಂತ. ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಕೋರಂ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ 30ರಷ್ಟು ಹೆಂಗಸರಿರಬೇಕು. ಸದಸ್ಯರು ಅಂದರೆ ಪಂಚಾಯ್ತಿ ಮೆಂಬರುಗಳಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ನೀವೇ ಸದಸ್ಯರು.

ಮನೆ ಯೋಜನೆಯ ಫಲಾನುಭವಿ ಆಯ್ಕೆ, ವರ್ಷದ ಕ್ರಿಯಾ ಯೋಜನೆ, ಉದ್ಯೋಗ ಖಾತ್ರಿಯ ಸಾಮಾಜಿಕ ಲೆಕ್ಕಪರಿಶೋಧನೆ ಎಲ್ಲದಕ್ಕೂ ಗ್ರಾಮಸಭೆಯ ಮುದ್ರೆ ಬೇಕು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕಂತೆ ಇತ್ತು. ಊರಿನ ಅಗತ್ಯಕ್ಕೆ ಬಿಟ್ಟ ಇಂಥ ಹಣದಲ್ಲಿ ಯಾವ ಬೀದಿಗೆ ಏನು ಅನ್ನುವುದು ಸಭೆಯಲ್ಲಿ ಆಡಿದ ಮಾತಿನ ಮೇಲೆ ನಿಲ್ಲಬೇಕು. ಆಡಿದ ಮಾತೇ ಉಳಿಯದಿದ್ದರೆ ಅದು ಬೇರೆ ಎಲ್ಲೋ ಕೂತು ನಿರ್ಧಾರವಾಗುತ್ತೆ.

ನಡಾವಳಿ ಬೇರೆ, ನಿಮ್ಮ ನೋಟ್ಸ್ ಬೇರೆ

ನೋಟ್ಸ್ ತೆಗೆಯೋಕೆ ಕೂತವರು ಮಾಡುವ ಮೊದಲ ತಪ್ಪು ನಡಾವಳಿಯ ಥರ ಬರೆಯುವುದು. ‘ಮಾನ್ಯ ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ಸಭೆಯನ್ನು ಪ್ರಾರಂಭಿಸಿ…’ ಅಂತ ಶುರು ಮಾಡಿದರೆ ಅರ್ಧ ಗಂಟೆ ಅದಕ್ಕೇ ಹೋಗುತ್ತೆ. ಅಮೆರಿಕದಲ್ಲಿ 1876ರಲ್ಲಿ ಮೊದಲು ಅಚ್ಚಾದ ‘ರಾಬರ್ಟ್ಸ್ ರೂಲ್ಸ್’ ಅನ್ನುವ ಸಭಾ ನಿಯಮಗಳ ಕೈಪಿಡಿ ಇವತ್ತಿಗೂ ಹೇಳುವ ಮಾತೊಂದಿದೆ: ನಡಾವಳಿಯಲ್ಲಿ ಸಭೆ ಮಾಡಿದ್ದನ್ನು ಬರೆಯಬೇಕು, ಆಡಿದ್ದನ್ನಲ್ಲ. ಅಧಿಕೃತ ಪುಸ್ತಕಕ್ಕೆ ಅದು ಸರಿಯಾದ ನಿಯಮವೇ. ಠರಾವು ಆಯಿತಾ, ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಅಷ್ಟು ಸಾಕು.

ನಾಗರಿಕರ ನೋಟ್ಸ್ ಇದಕ್ಕೆ ತಿರುಗಾ ಮುರುಗಾ. ನಿಮಗೆ ಬೇಕಾದದ್ದು ಆಡಿದ್ದು. ಯಾರು ಕೇಳಿದರು, ಯಾವ ಹುದ್ದೆಯವರು ಉತ್ತರ ಕೊಟ್ಟರು, ಎಷ್ಟು ದಿನದಲ್ಲಿ ಅಂದರು. ಯಾವ ಮಾತು ನಡಾವಳಿಗೆ ಸೇರದೆ ಜಾರಿಹೋಗಬಹುದೋ ಅದನ್ನೇ ಹಿಡಿಯಬೇಕು. ಹಾಗಾಗಿ ನಿಮ್ಮ ನೋಟ್ಸ್‌ನ ಬೆಲೆ ಗೊತ್ತಾಗುವುದು ಬರೆದ ದಿನವಲ್ಲ. ನಡಾವಳಿಯ ಪ್ರತಿ ಕೈಗೆ ಬಂದ ದಿನ, ಎರಡನ್ನೂ ಪಕ್ಕಪಕ್ಕ ಇಟ್ಟಾಗ. ಮುಂದೆ ಹೇಳುವ ಎಲ್ಲ ಜೋಡಣೆಯೂ ಆ ಹೋಲಿಕೆಗಾಗಿ.

ಯಾವ ಆ್ಯಪ್?

ನಿಜ ಹೇಳಬೇಕಂದ್ರೆ ಈ ಪ್ರಶ್ನೆಗೆ ಜನ ಕೊಡುವಷ್ಟು ಸಮಯ ಇದಕ್ಕೆ ಬೇಕಾಗಿಲ್ಲ. ಯೂಟ್ಯೂಬ್‌ನಲ್ಲಿ ‘ಬೆಸ್ಟ್ ನೋಟ್ಸ್ ಆ್ಯಪ್’ ವಿಡಿಯೋ ನೋಡುತ್ತಾ ಮೂರು ದಿನ ಕಳೆದು, ಸಭೆಯ ದಿನ ಬರೀ ಕೈಯಲ್ಲಿ ಹೋಗುವವರೇ ಹೆಚ್ಚು.

ಈಗ ಹೆಚ್ಚಿನ ಯುವಕ ಸಂಘಗಳ ದಫ್ತರ ಅಂದ್ರೆ ವಾಟ್ಸ್‌ಆ್ಯಪ್ ಗ್ರೂಪ್. 2022ರಿಂದ ನಮಗೆ ನಾವೇ ಮೆಸೇಜ್ ಹಾಕಿಕೊಳ್ಳುವ ಅನುಕೂಲವೂ ಬಂತು, ಹಲವರು ಅದನ್ನೇ ನೋಟ್‌ಬುಕ್ ಮಾಡಿಕೊಂಡಿದ್ದಾರೆ. ತಕ್ಷಣ ಬರೆದುಕೊಳ್ಳೋಕೆ ಅಡ್ಡಿಯಿಲ್ಲ. ಇಟ್ಟುಕೊಳ್ಳೋಕೆ ಆಗಲ್ಲ. ಚರಂಡಿಯ ಫೋಟೊ, ಹುಟ್ಟುಹಬ್ಬದ ಶುಭಾಶಯ, ಅಡಿಕೆ ರೇಟು ಎಲ್ಲಾ ಒಂದೇ ಹೊಳೆಯಲ್ಲಿ ಹರಿದುಹೋಗುತ್ತೆ. ಫೋನ್ ತುಂಬಿದಾಗ ಮೊದಲು ಅಳಿಸುವುದೂ ಅಲ್ಲಿನ ಫೋಟೊಗಳನ್ನೇ.

ಗೂಗಲ್ ಕೀಪ್ ಉಚಿತ. ನೆಟ್‌ವರ್ಕ್ ಇಲ್ಲದಿದ್ದರೂ ಬರೆಯಬಹುದು, ಸಿಕ್ಕಾಗ ತಾನೇ ಸೇವ್ ಆಗುತ್ತೆ. ಲೇಬಲ್ ಹಾಕಬಹುದು, ನೆನಪಿನ ಗಂಟೆ ಇಡಬಹುದು. ಒಂದು ನೋಟ್‌ನಲ್ಲಿ ಸುಮಾರು 20,000 ಅಕ್ಷರಗಳಷ್ಟೇ ಹಿಡಿಸುತ್ತೆ ಅನ್ನುವುದು ಮಿತಿ. ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆಗಳೂ ಎಣಿಕೆಗೆ ಸೇರುವುದರಿಂದ ಕಣ್ಣಿಗೆ ಕಾಣುವುದಕ್ಕಿಂತ ಬೇಗ ತುಂಬುತ್ತೆ. ಆದರೂ ಒಂದು ಸಭೆಗೆ ಧಾರಾಳ ಸಾಕು. ಒನ್‌ನೋಟ್‌ನಲ್ಲಿ ನೋಟ್‌ಬುಕ್, ಅದರೊಳಗೆ ವಿಭಾಗ, ಅದರೊಳಗೆ ಪುಟ ಅಂತ ಇರುತ್ತೆ. ಕಾಗದದ ಫೈಲು ಅಭ್ಯಾಸವಿರುವವರಿಗೆ ಬೇಗ ಒಗ್ಗುತ್ತೆ. ನೋಷನ್‌ನಲ್ಲಿ ಕೋಷ್ಟಕ ಚೆನ್ನಾಗಿ ಮಾಡಬಹುದು, ಆದರೆ ಅದು ಮುಖ್ಯವಾಗಿ ಇಂಟರ್ನೆಟ್ ನಂಬಿ ಕೆಲಸ ಮಾಡುವ ಆ್ಯಪ್. ಶಾಲೆಯ ಜಗಲಿಯಲ್ಲಿ ಸಿಗ್ನಲ್ ಇಲ್ಲದೆ ಕೂತಾಗ ಕೈಕೊಟ್ಟೀತು.

ಜಾಪ್ಲಿನ್ ಮುಕ್ತ ತಂತ್ರಾಂಶ. ಬರಹವನ್ನು ಮಾರ್ಕ್‌ಡೌನ್ ಅನ್ನುವ ಸಾದಾ ಪಠ್ಯದಲ್ಲಿ ಬರೆಯಬಹುದು, ಬೇಕಾದರೆ ನಿಮ್ಮ ಹೊರತು ಬೇರಾರೂ ಓದದಂತೆ ಗೂಢಲಿಪಿಯಲ್ಲಿ ಸಿಂಕ್ ಮಾಡಬಹುದು. ಅಬ್ಸಿಡಿಯನ್ ಕೂಡ ಸಾದಾ ಪಠ್ಯದ ಕಡತಗಳನ್ನು ನಿಮ್ಮ ಫೋನಿನಲ್ಲೇ ಇಡುತ್ತೆ.

ಆಯ್ಕೆಗೆ ನಮ್ಮ ಅಳತೆಗೋಲು ಒಂದೇ: ಈ ಆ್ಯಪ್ ನಾಳೆ ನಿಂತುಹೋದರೆ ನನ್ನ ಬರಹವನ್ನು ಹೊರಗೆ ತರಬಹುದಾ? ಎವರ್‌ನೋಟ್ ಎಷ್ಟೋ ವರ್ಷ ಜನರ ಅಚ್ಚುಮೆಚ್ಚಾಗಿತ್ತು. 2023ರ ಡಿಸೆಂಬರ್‌ನಲ್ಲಿ ಉಚಿತ ಖಾತೆಗೆ 50 ನೋಟ್ಸ್, ಒಂದು ನೋಟ್‌ಬುಕ್ ಅಂತ ಮಿತಿ ಹಾಕಿತು. ಪಂಚಾಯ್ತಿಯ ಅವಧಿ ಐದು ವರ್ಷ. ಐದು ವರ್ಷ ಒಂದೇ ಕಂಪನಿಯ ಮರ್ಜಿ ಮೇಲೆ ಊರಿನ ದಾಖಲೆ ಇಡುವುದು ಬೇಡ. ಕೀಪ್ ಬಳಸುವವರು ಗೂಗಲ್ ಟೇಕ್‌ಔಟ್‌ನಿಂದ ವರ್ಷಕ್ಕೆರಡು ಸಲ ಎಲ್ಲವನ್ನೂ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡಿ.

ನಮ್ಮ ಸಲಹೆ: ಸಭೆಯಲ್ಲಿ ಬರೆದುಕೊಳ್ಳೋಕೆ ಕೀಪ್ ಅಥವಾ ಜಾಪ್ಲಿನ್. ಬೇಡಿಕೆಗಳ ಪಟ್ಟಿಗೆ ಒಂದು ಗೂಗಲ್ ಶೀಟ್. ಇವೆರಡಕ್ಕಿಂತ ಹೆಚ್ಚು ಬೇಡ.

ಒಂದು ಸಭೆ, ಒಂದು ನೋಟ್

ಒಂದು ಸಭೆಗೆ ಒಂದೇ ನೋಟ್ ಮಾಡಿ. ಶೀರ್ಷಿಕೆಯಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. 2-10-2025 ಅಂತ ಬರೆದರೆ ಪಟ್ಟಿಯಲ್ಲಿ ಎಲ್ಲೆಲ್ಲೋ ಹೋಗಿ ಕೂರುತ್ತೆ. 2025-10-02 ಅಂತ ಬರೆದರೆ ತಾನಾಗಿಯೇ ಸಾಲಾಗಿ ನಿಲ್ಲುತ್ತೆ. ಸಣ್ಣ ವಿಷಯ, ಆದರೆ ಎರಡು ವರ್ಷ ಕಳೆದ ಮೇಲೆ ಇದರ ಪುಣ್ಯ ಗೊತ್ತಾಗುತ್ತೆ.

ಕಾಲ್ಪನಿಕ ಮಾದರಿಯೊಂದು ಹೀಗಿರಬಹುದು:

2025-10-02 ಗ್ರಾಮಸಭೆ, (ಪಂಚಾಯ್ತಿ ಹೆಸರು)
ಜಾಗ: ಶಾಲೆ ಆವರಣ. ನೋಟಿಸಿನ ಸಮಯ 11:00, ಶುರುವಾಗಿದ್ದು 12:20, ಮುಗಿದಿದ್ದು 1:45
ತಲೆ ಎಣಿಕೆ: 12:30ಕ್ಕೆ 64 ಜನ, ಹೆಂಗಸರು 15
ಹಿಂದಿನ ನಡಾವಳಿ ಓದಿದರೇ: ಇಲ್ಲ
ಬಂದ ಇಲಾಖೆಗಳು: ಕೃಷಿ, ಸೆಸ್ಕ್. ಬರದವು: ನೀರಾವರಿ ನಿಗಮ
1. ಎರಡನೇ ವಾರ್ಡ್ ಚರಂಡಿ. ಉತ್ತರ: ಪಿಡಿಒ. ‘ಈ ಕ್ರಿಯಾ ಯೋಜನೆಗೆ ಸೇರಿಸ್ತೀವಿ’. ಗಡುವು: ಹೇಳಿಲ್ಲ
2. ಬೀದಿ ದೀಪ, ಶಾಲೆ ರಸ್ತೆ. ಉತ್ತರ: ಅಧ್ಯಕ್ಷರು. ‘ಹದಿನೈದು ದಿನ’. ಗಡುವು: 2025-10-17

ಇಷ್ಟೇ. ಶೃಂಗಾರ ಬೇಡ. ಇದರಲ್ಲಿ ಎರಡು ಸಾಲು ವಿಶೇಷ. ತಲೆ ಎಣಿಕೆಗೆ ಸಮಯ ಹಾಕಿರುವುದು ಯಾಕಂದ್ರೆ ಕೋರಂ ಪ್ರಶ್ನೆ ಏಳುವುದೇ ಅಲ್ಲಿ. ಹಾಜರಾತಿ ಪುಸ್ತಕ ಸಭೆ ಮುಗಿದ ಮೇಲೆ ಮನೆ ಮನೆ ಸುತ್ತುವುದೂ ಉಂಟು. ಆಗ ಸಹಿ ನೂರು ದಾಟಿರುತ್ತೆ. ನೀವು ಎಣಿಸಿದ್ದು ಕೋರ್ಟಿನ ಸಾಕ್ಷಿ ಅಲ್ಲದಿರಬಹುದು, ಆದರೆ ಕೇಳೋಕೆ ಒಂದು ನೆಲೆ. ಇನ್ನೊಂದು, ಆಡಿದ ಮಾತನ್ನು ಆಡಿದ ಹಾಗೇ ಉದ್ಧರಣ ಚಿಹ್ನೆಯೊಳಗೆ ಹಾಕುವುದು. ‘ಸೇರಿಸ್ತೀವಿ’ ಮತ್ತು ‘ಸೇರಿಸೋಕೆ ನೋಡ್ತೀವಿ’ ನಡುವೆ ಒಂದು ವರ್ಷದ ಅಂತರ ಇರುತ್ತೆ. ನಿಮಗೆ ಅನಿಸಿದ್ದನ್ನು ಬರೆಯಬೇಕು ಅಂದರೆ ಕೆಳಗೆ ಬೇರೆಯಾಗಿ, ‘ನನ್ನ ಅನಿಸಿಕೆ’ ಅಂತ ಹಾಕಿ ಬರೆಯಿರಿ. ಎರಡೂ ಕಲಸಿಹೋದರೆ ಆಮೇಲೆ ನಿಮಗೇ ಗೊತ್ತಾಗಲ್ಲ.

ಇಲಾಖೆ ಬರೆದುಕೊಳ್ಳದಿದ್ದರೆ ಅರ್ಧ ನೋಟ್ಸ್ ದಂಡ

ಸಾಲಿಗ್ರಾಮದ ಸುತ್ತಮುತ್ತ ಇದು ಬಹಳ ಮುಖ್ಯ. ಕಾವೇರಿ ಪಕ್ಕದಲ್ಲೇ ಇದೆ, ಚುಂಚನಕಟ್ಟೆಯಲ್ಲಿ ಧುಮುಕುತ್ತೆ, ಚಾಮರಾಜ ನಾಲೆ, ಮಿರ್ಲೆ ನಾಲೆ ಇವುಗಳ ಮೇಲೆ ಬತ್ತ ನಿಂತಿದೆ. ಹಾಗಾಗಿ ನಾಲೆಯ ಹೂಳು, ತೂಬು, ಕೊನೆಭಾಗಕ್ಕೆ ನೀರು ಬರದ ವಿಷಯ ಗ್ರಾಮಸಭೆಯಲ್ಲಿ ಬಂದೇ ಬರುತ್ತೆ. ಅದಕ್ಕೆ ಪಂಚಾಯ್ತಿಯಿಂದ ಬರುವ ಉತ್ತರ ‘ನಮ್ಮ ವ್ಯಾಪ್ತಿಗೆ ಬರಲ್ಲ’. ಅದು ನಿಜವೂ ಹೌದು, ನಾಲೆಗಳು ಕಾವೇರಿ ನೀರಾವರಿ ನಿಗಮದ್ದು. ಕರೆಂಟು ಸೆಸ್ಕ್‌ದು. ನಲ್ಲಿ ನೀರಿನ ಯೋಜನೆಯ ಕಾಮಗಾರಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದ್ದು, ಕಟ್ಟಿದ ಮೇಲೆ ನೋಡಿಕೊಳ್ಳುವುದು ಪಂಚಾಯ್ತಿಯದ್ದು. ರಸ್ತೆ ಯಾವುದು ಅನ್ನುವುದರ ಮೇಲೆ ಲೋಕೋಪಯೋಗಿಯೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ, ಪಂಚಾಯ್ತಿಯೋ ಬದಲಾಗುತ್ತೆ.

ಆದ್ದರಿಂದ ಪ್ರತಿ ಬೇಡಿಕೆಗೂ ಎರಡು ಲೇಬಲ್: ಒಂದು ವಿಷಯದ್ದು, ಒಂದು ಇಲಾಖೆಯದ್ದು. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದಾಗ ‘ಹಾಗಾದ್ರೆ ಯಾರ ವ್ಯಾಪ್ತಿಗೆ, ಗ್ರಾಮಸಭೆಯಿಂದ ಅವರಿಗೆ ಪತ್ರ ಬರೀತೀರಾ?’ ಅಂತ ಕೇಳಿ, ಉತ್ತರ ಬರೆದುಕೊಳ್ಳಿ. ಪತ್ರ ಬರೆಯುವುದು ಪಂಚಾಯ್ತಿಯ ವ್ಯಾಪ್ತಿಯೇ. ತಾಲೂಕು ಹೊಸದಾದ್ದರಿಂದ ಯಾವ ಕಚೇರಿ ಸಾಲಿಗ್ರಾಮದಲ್ಲಿ ಸಿಗುತ್ತೆ, ಯಾವುದಕ್ಕೆ ಕೆ.ಆರ್. ನಗರಕ್ಕೆ ಹೋಗಬೇಕು ಅಂತ ಒಂದು ಪ್ರತ್ಯೇಕ ನೋಟ್ ಇಟ್ಟುಕೊಳ್ಳಿ. ಒಬ್ಬರು ಬಸ್ ಚಾರ್ಜು ಕೊಟ್ಟು ಕಲಿತದ್ದು ಇನ್ನೊಬ್ಬರಿಗೆ ಉಪಯೋಗ ಆಗಲಿ.

ಕನ್ನಡದಲ್ಲಿ ಹುಡುಕುವ ಕಷ್ಟ

ಇಂಗ್ಲಿಷ್‌ನಲ್ಲಿ ಬಂದ ನೋಟ್ಸ್ ಸಲಹೆಗಳು ಈ ಭಾಗವನ್ನು ಮುಟ್ಟುವುದೇ ಇಲ್ಲ. ‘ಎಲ್ಲಾ ಬರೆದು ಹಾಕಿ, ಬೇಕಾದಾಗ ಸರ್ಚ್ ಮಾಡಿ’ ಅನ್ನುತ್ತವೆ. ಕನ್ನಡದಲ್ಲಿ ಸರ್ಚ್ ಅಷ್ಟು ಸುಲಭಕ್ಕೆ ಒಲಿಯಲ್ಲ.

ಪಂಚಾಯತಿ, ಪಂಚಾಯಿತಿ, ಪಂಚಾಯ್ತಿ, ಪಂಚಾಯತ್: ನಾಲ್ಕೂ ಬರವಣಿಗೆ ಚಾಲ್ತಿಯಲ್ಲಿವೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗಲ್ಲ. ತಾಲೂಕು, ತಾಲ್ಲೂಕು. ಸೆಸ್ಕ್, ಚೆಸ್ಕಾಂ. ಕೆ.ಆರ್. ನಗರ, ಕೆಆರ್‌ನಗರ, ಕೃಷ್ಣರಾಜನಗರ. ಚರಂಡಿಗೆ ಒಬ್ಬರು ಮೋರಿ ಅನ್ನುತ್ತಾರೆ, ಇನ್ನೊಬ್ಬರು ಡ್ರೈನೇಜ್. ಇದರ ಮೇಲೆ ವಿಭಕ್ತಿ. ‘ನೀರು’ ಅಂತ ಹುಡುಕಿದರೆ ‘ನೀರಿನ’, ‘ನೀರಿಗೆ’ ಸಿಗುವುದಿಲ್ಲ, ಉಕಾರ ಬಿದ್ದುಹೋಗಿರುತ್ತಲ್ಲ. ‘ನೀರ’ ಅಂತ ಮೊಟಕು ಮಾಡಿ ಹುಡುಕಿದರೆ ಕೆಲವು ಆ್ಯಪ್‌ಗಳಲ್ಲಿ ಎಲ್ಲವೂ ಸಿಗುತ್ತವೆ, ಪೂರ್ತಿ ಪದವನ್ನಷ್ಟೇ ನೋಡುವ ಆ್ಯಪ್‌ಗಳಲ್ಲಿ ಏನೂ ಸಿಗಲ್ಲ. ಅಂಕಿಗಳಲ್ಲೂ ಹಾಗೇ: ೨೦೨೫ ಅಂತ ಬರೆದದ್ದು 2025ಕ್ಕೆ ಸಿಗದೇ ಹೋಗಬಹುದು.

ಪರಿಹಾರ ಸರಳ. ಹತ್ತು ಹನ್ನೆರಡು ಲೇಬಲ್‌ಗಳನ್ನು ನಿಮ್ಮ ಗುಂಪು ಮೊದಲೇ ಕೂತು ತೀರ್ಮಾನಿಸಲಿ: ನೀರು, ಚರಂಡಿ, ರಸ್ತೆ, ದೀಪ, ಮನೆ, ಖಾತೆ, ಸ್ಮಶಾನ, ಶಾಲೆ, ಅಂಗನವಾಡಿ, ಉದ್ಯೋಗಖಾತ್ರಿ, ನಾಲೆ. ವಿಭಕ್ತಿ ಇಲ್ಲದ ಒಂದೇ ರೂಪ. ನೋಟ್‌ನ ಒಳಗೆ ಜನ ಆಡಿದಂತೆ ಮೋರಿ ಅಂತಲೇ ಬರೆಯಿರಿ, ಲೇಬಲ್ ಮಾತ್ರ ಚರಂಡಿ. ‘ಖಾತೆ’ಯನ್ನು ಬೇರೆ ಲೇಬಲ್ ಮಾಡಿ, ಇ-ಸ್ವತ್ತಿನ ದೂರುಗಳನ್ನು ಬೇರೆಯವುಗಳ ಜೊತೆ ಸೇರಿಸಿದರೆ ಪಟ್ಟಿಯೆಲ್ಲಾ ಅವೇ ತುಂಬಿಕೊಳ್ಳುತ್ತವೆ.

ಇನ್ನೊಂದು ತೊಡಕು ನುಡಿಯದ್ದು. ಕಚೇರಿಯಿಂದ ಸಿಗುವ ಹಳೇ ಕಡತಗಳು ನುಡಿ ಅಥವಾ ಬರಹದ ಹಳೇ ಅಕ್ಷರ ಸಂಕೇತದಲ್ಲಿ ಇರಬಹುದು. ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತೆ. ಕಡತ ಕೆಟ್ಟಿಲ್ಲ, ಯೂನಿಕೋಡ್ ಅಲ್ಲ ಅಷ್ಟೇ. ಬದಲಿಸಿಕೊಡುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದು ಸಲ ಕಣ್ಣಾಡಿಸಿ ನೋಡಿ, ಆಮೇಲೆ ನಿಮ್ಮ ನೋಟ್‌ಗೆ ಅಂಟಿಸಿ. ಮೂಲ ಕಡತವನ್ನು ಅಳಿಸಬೇಡಿ.

ಸರ್ಕಾರಿ ಪೋರ್ಟಲ್‌ಗಳಲ್ಲಿ ಹುಡುಕುವಾಗ ನೆನಪಿರಲಿ, ಉಡುಪಿ ಜಿಲ್ಲೆಯಲ್ಲೂ ಒಂದು ಸಾಲಿಗ್ರಾಮ ಇದೆ. ಜಿಲ್ಲೆ ಮೈಸೂರು ಅಂತ ಮೊದಲು ಆರಿಸಿ. ಸಾಲಿಗ್ರಾಮ ತಾಲೂಕಿನಲ್ಲಿ ನಿಮ್ಮ ಪಂಚಾಯ್ತಿ ಕಾಣದಿದ್ದರೆ ಕೆ.ಆರ್. ನಗರದಡಿ ನೋಡಿ, ಹಳೇ ವರ್ಷಗಳ ಮಾಹಿತಿ ಹಳೇ ತಾಲೂಕಿನ ಹೆಸರಲ್ಲಿರುವುದು ಸಹಜ.

ಸಭೆಯಲ್ಲಿ ಕೂತಾಗ

ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಒಬ್ಬರು ಬರೆಯಲಿ. ಮಾತಾಡುತ್ತಾ ಬರೆಯೋಕೆ ಯಾರಿಂದಲೂ ಆಗಲ್ಲ, ಅದೂ ಸಿಟ್ಟು ಬಂದಾಗ. ‘ಏನಪ್ಪಾ ಬರ್ಕೊತಿದ್ದೀಯ?’ ಅಂತ ಯಾರಾದರೂ ಕೇಳಿದರೆ ‘ಸಭೇಲಿ ಹೇಳಿದ್ದನ್ನೇ ಬರ್ಕೊತಿದೀನಿ ಅಣ್ಣ, ಮರ್ತುಹೋಗುತ್ತೆ’ ಅನ್ನಿ. ಅಡಗಿಸಿಕೊಂಡು ಬರೆಯಬೇಡಿ. ಎಲ್ಲರ ಕಣ್ಣಿಗೆ ಬೀಳುವಂತೆ ಬರೆದರೆ ಉತ್ತರಗಳೂ ಸ್ವಲ್ಪ ನೆಟ್ಟಗಾಗುತ್ತವೆ.

ಟೈಪಿಂಗ್ ನಿಧಾನ ಅಂದರೆ ಜಿಬೋರ್ಡ್‌ನ ಕನ್ನಡ ಧ್ವನಿ ಟೈಪಿಂಗ್ ಇದೆ. ಮೈಕಿನ ಗದ್ದಲದ ನಡುವೆ ಅದು ಎಡವುತ್ತೆ, ನಮ್ಮ ಕಡೆಯ ಮಾತಿನ ಧಾಟಿಗೂ ಎಡವುತ್ತೆ. ಸಭೆ ಮುಗಿದ ಮೇಲೆ ಮರದ ನೆರಳಲ್ಲಿ ನಿಂತು ನೀವೇ ಹೇಳಿ ಬರೆಸುವುದಕ್ಕೆ ಒಳ್ಳೆಯದು. ಪೂರ್ತಿ ಸಭೆಯ ಆಡಿಯೋ ರೆಕಾರ್ಡ್ ಮಾಡಿಟ್ಟರೆ ಆಯ್ತಲ್ಲ ಅನ್ನಬಹುದು. ಮಾಡಿ, ಆದರೆ ಎರಡು ಗಂಟೆಯ ರೆಕಾರ್ಡಿಂಗನ್ನು ಮತ್ತೆ ಕೇಳುವವರು ಯಾರೂ ಇಲ್ಲ. ಅದನ್ನು ಬಳಸಬೇಕೆಂದಿದ್ದರೆ ನೋಟ್‌ನಲ್ಲಿ ಪ್ರತಿ ಬೇಡಿಕೆಯ ಮುಂದೆ ಗಡಿಯಾರದ ಸಮಯ ಹಾಕಿ. ‘12:52’ ಅಂತ ಇದ್ದರೆ ರೆಕಾರ್ಡಿಂಗ್‌ನಲ್ಲಿ ನೇರ ಅಲ್ಲಿಗೆ ಹೋಗಬಹುದು.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್ 14ರಂದು ‘ಸಭಾಸಾರ್’ ಅನ್ನುವ ಕೃತಕ ಬುದ್ಧಿಮತ್ತೆಯ ಸಾಧನ ಬಿಡುಗಡೆ ಮಾಡಿತು. ಗ್ರಾಮಸಭೆಯ ಆಡಿಯೋ, ವಿಡಿಯೋ ಹಾಕಿದರೆ ಭಾಷಿಣಿ ವೇದಿಕೆಯ ನೆರವಿನಿಂದ ಅದು ನಡಾವಳಿಯ ಕರಡು ಮಾಡಿಕೊಡುತ್ತೆ. ಒಳ್ಳೆಯ ಬೆಳವಣಿಗೆ ಅಂತಲೇ ನಮ್ಮ ಅಭಿಪ್ರಾಯ. ಆದರೆ ಅದರ ಲಾಗಿನ್ ಪಂಚಾಯ್ತಿಯ ಕೈಯಲ್ಲಿರುತ್ತೆ, ಯಾವ ರೆಕಾರ್ಡಿಂಗ್ ಹಾಕಬೇಕು ಅನ್ನುವುದೂ ಅಲ್ಲೇ ತೀರ್ಮಾನ. ಹಿಂದಿನ ಸಾಲಿನಲ್ಲಿ ಮೈಕ್ ಸಿಗದೆ ಕೂಗಿದ ಅಜ್ಜಿಯ ಮಾತು ಯಂತ್ರದ ಕಿವಿಗೂ ಬೀಳಲ್ಲ. ಅದು ಬರಬೇಕಾದದ್ದು ಪಕ್ಕದಲ್ಲಿ ಕೂತ ನಿಮ್ಮ ನೋಟ್ಸ್‌ನಲ್ಲಿ.

ಸಭೆಯ ರಾತ್ರಿ, ಆಮೇಲಿನ ತಿಂಗಳು

ಅದೇ ರಾತ್ರಿ ಹದಿನೈದು ನಿಮಿಷ ಕೂತು ನೋಟ್ ತಿದ್ದಿ. ಮಾರನೇ ದಿನಕ್ಕೆ ಅರ್ಧ ಮರೆತಿರುತ್ತೀರಿ. ತಿದ್ದಿದ್ದನ್ನು ಸಭೆಗೆ ಬಂದ ಇನ್ನೊಬ್ಬರಿಗೆ ಓದಿ ಹೇಳಿ, ಅವರು ‘ಹಂಗಲ್ಲ ಕಣೋ, ಅಧ್ಯಕ್ಷರಲ್ಲ ಹೇಳಿದ್ದು, ಪಿಡಿಒ’ ಅಂದರೆ ಸರಿಪಡಿಸಿ. ಆಮೇಲೆ ಬೇಡಿಕೆಗಳನ್ನು ಒಂದೊಂದಾಗಿ ಗೂಗಲ್ ಶೀಟ್‌ಗೆ ಏರಿಸಿ. ಸಾಲಿಗೊಂದು ಬೇಡಿಕೆ. ಅಂಕಣಗಳು: ಸಭೆಯ ದಿನಾಂಕ, ವಾರ್ಡು, ಬೇಡಿಕೆ, ಇಲಾಖೆ, ಉತ್ತರ ಕೊಟ್ಟ ಹುದ್ದೆ, ಗಡುವು, ನಡಾವಳಿಯಲ್ಲಿ ಇದೆಯೇ, ಈಗಿನ ಸ್ಥಿತಿ. ಗಡುವಿನ ದಿನಕ್ಕೆ ಫೋನಿನಲ್ಲಿ ಗಂಟೆ ಇಡಿ. ಹದಿನೇಳನೇ ತಾರೀಕು ಫೋನ್ ಹೊಡೆದುಕೊಂಡಾಗ ಶಾಲೆ ರಸ್ತೆಗೆ ಹೋಗಿ ದೀಪ ನೋಡಿ, ಫೋಟೊ ತೆಗೆದು ಅದೇ ನೋಟ್‌ಗೆ ಸೇರಿಸಿ.

‘ನಡಾವಳಿಯಲ್ಲಿ ಇದೆಯೇ’ ಅನ್ನುವ ಅಂಕಣವೇ ಈ ಎಲ್ಲ ಕೆಲಸದ ಜೀವ. ಅದನ್ನು ತುಂಬಬೇಕಾದರೆ ನಡಾವಳಿ ಬೇಕು. ಮೊದಲು ಪಂಚಾಯ್ತಿ ಕಚೇರಿಗೆ ಹೋಗಿ ಬಾಯಲ್ಲೇ ಕೇಳಿ, ಎಷ್ಟೋ ಕಡೆ ತೋರಿಸುತ್ತಾರೆ. ಪಂಚಾಯತ್ ರಾಜ್ ಇಲಾಖೆಯ ಪಂಚಮಿತ್ರ ಪೋರ್ಟಲ್‌ನಲ್ಲೂ ನಿಮ್ಮ ಪಂಚಾಯ್ತಿಯ ಸಭೆಗಳ ಮಾಹಿತಿ ನೋಡಿ. ಇಲ್ಲದಿದ್ದರೆ ಮಾಹಿತಿ ಹಕ್ಕು. 2005ರ ಆ ಕಾಯ್ದೆಯ 2(ಜೆ) ಕಲಂ ದೃಢೀಕೃತ ಪ್ರತಿ ಪಡೆಯುವ ಹಕ್ಕಿನ ಜೊತೆಗೆ ದಾಖಲೆ ಪರಿಶೀಲಿಸುವ, ಅದರಿಂದ ಟಿಪ್ಪಣಿ ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

ಕರ್ನಾಟಕದ ನಿಯಮದಲ್ಲಿ ಒಂದು ಬಿಗಿ ಇದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅಸ್ಪಷ್ಟವಾಗಿ ‘ಕಳೆದ ಐದು ವರ್ಷದ ಎಲ್ಲಾ ಮಾಹಿತಿ’ ಅಂತ ಕೇಳಿದ ಅರ್ಜಿ ಇಲ್ಲೇ ಬಿದ್ದುಹೋಗುತ್ತೆ. ನೋಟ್ಸ್ ಇದ್ದವರಿಗೆ 150 ಪದ ಬೇಕಾಗುವುದೇ ಇಲ್ಲ. ‘ದಿನಾಂಕ ಇಂಥದ್ದರಂದು ನಡೆದ ಗ್ರಾಮಸಭೆಯ ನಡಾವಳಿ, ಹಾಜರಾತಿ ಸಹಿ ಪಟ್ಟಿ ಹಾಗೂ ಆ ಸಭೆಯ ನಿರ್ಣಯಗಳ ಅನುಪಾಲನಾ ವರದಿಯ ದೃಢೀಕೃತ ಪ್ರತಿಗಳನ್ನು ಒದಗಿಸಿ’ ಅಂದರೆ ಮುಗಿಯಿತು.

ಪ್ರತಿ ಬಂದ ಮೇಲೆ ಶೀಟ್ ತೆರೆದು ಒಂದೊಂದೇ ಸಾಲು ಗುರುತು ಹಾಕಿ. ಇದೆ, ಇಲ್ಲ, ಬೇರೆ ಥರ ಇದೆ. ‘ಬೇರೆ ಥರ’ ಅನ್ನುವುದೇ ಹೆಚ್ಚು ಕುತೂಹಲದ್ದು. ಎರಡನೇ ವಾರ್ಡಿನ ಚರಂಡಿ ನಡಾವಳಿಯಲ್ಲಿ ಐದನೇ ವಾರ್ಡಿಗೆ ಹೋಗಿರಬಹುದು. ಯಾರೂ ಕೇಳದ ಕಾಮಗಾರಿಯೊಂದು ಸರ್ವಾನುಮತದಿಂದ ಪಾಸಾಗಿರಬಹುದು. ಎಲ್ಲವೂ ಮೋಸವೇ ಅಂತ ಮೊದಲೇ ತೀರ್ಮಾನಿಸಬೇಡಿ, ಬರೆಯುವವರ ಕೈತಪ್ಪೂ ಇರುತ್ತೆ. ನಿಮ್ಮ ನೋಟ್ಸ್‌ನದ್ದೇ ತಪ್ಪಿರಲೂಬಹುದು. ಅದಕ್ಕೇ ಆ ರಾತ್ರಿ ಇನ್ನೊಬ್ಬರಿಗೆ ಓದಿ ಹೇಳಿ ಅಂದದ್ದು. ವ್ಯತ್ಯಾಸವನ್ನು ಲಿಖಿತವಾಗಿ ಪಿಡಿಒಗೆ ಕೊಟ್ಟು, ಸ್ವೀಕೃತಿ ಪಡೆದು, ಅದರ ಫೋಟೊವನ್ನೂ ಅದೇ ನೋಟ್‌ಗೆ ಹಾಕಿ.

ಏನನ್ನು ಬರೆಯಬಾರದು

ಗ್ರಾಮಸಭೆ ಬಹಿರಂಗ ಸಭೆ ಹೌದು. ಹಾಗಂತ ಅಲ್ಲಿ ಬಾಯಿಬಿಟ್ಟದ್ದೆಲ್ಲಾ ಶೀಟ್‌ಗೆ ಹೋಗಬೇಕಿಲ್ಲ. ವಿಧವಾ ವೇತನ ನಿಂತುಹೋದ ಹೆಂಗಸಿನ ಹೆಸರು, ಯಾರದೋ ಕಾಯಿಲೆ, ಆಧಾರ್ ನಂಬರು, ಪಾಸ್‌ಬುಕ್ ಫೋಟೊ ಇವು ಹತ್ತು ಜನ ತೆರೆಯುವ ಕಡತದಲ್ಲಿ ಇರಬಾರದು. ‘ವಾರ್ಡ್ 3, ವಿಧವಾ ವೇತನ, 4 ತಿಂಗಳಿಂದ ಬಂದಿಲ್ಲ’ ಅಂದರೆ ಬೇಡಿಕೆಗೆ ಸಾಕು. ದಲಿತ ಕೇರಿಯ ದೂರು, ಸ್ಮಶಾನದ ಜಗಳ ಇಂಥವನ್ನು ಎತ್ತಿದವರ ಹೆಸರು ಹೊರಗೆ ಹೋದರೆ ತೊಂದರೆ ಅವರ ಮನೆ ಬಾಗಿಲಿಗೆ ಬರುತ್ತೆ, ನೋಟ್ಸ್ ಬರೆದವರ ಮನೆಗಲ್ಲ. ಅವರನ್ನು ಕೇಳದೆ ಹೆಸರು ಬರೆಯಬೇಡಿ. ಶೀಟ್‌ನ ಲಿಂಕನ್ನು ‘ಲಿಂಕ್ ಇದ್ದವರೆಲ್ಲಾ ತಿದ್ದಬಹುದು’ ಅಂತ ಬಿಡಬೇಡಿ. ತಿದ್ದುವವರು ಇಬ್ಬರು, ನೋಡುವವರು ಎಷ್ಟಾದರೂ ಇರಲಿ. ಚುನಾವಣೆ ಹತ್ತಿರ ಬಂದಾಗ ಗುಂಪು ಒಡೆಯುತ್ತೆ, ಒಬ್ಬ ಈ ಕಡೆ, ಒಬ್ಬ ಆ ಕಡೆ. ಆಗ ಶೀಟ್‌ನ ‘ವರ್ಷನ್ ಹಿಸ್ಟರಿ’ ಯಾರು ಯಾವಾಗ ಏನು ತಿದ್ದಿದರು ಅಂತ ತೋರಿಸುತ್ತೆ. ಖಾತೆಯ ಪಾಸ್‌ವರ್ಡ್ ಒಬ್ಬರ ಹತ್ತಿರವೇ ಇರದಂತೆ ನೋಡಿಕೊಳ್ಳಿ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದವನ ಜೊತೆ ಊರಿನ ಮೂರು ವರ್ಷದ ದಾಖಲೆಯೂ ಬಸ್ ಹತ್ತಬಾರದು.

ಮುಂದಿನ ಸಭೆಯ ದಿನ

ಡಂಗೂರವೋ, ನೋಟಿಸೋ, ವಾಟ್ಸ್‌ಆ್ಯಪ್ ಸ್ಟೇಟಸ್ಸೋ ಬಂದ ಕೂಡಲೇ ಶೀಟ್ ತೆರೆಯಿರಿ. ಸ್ಥಿತಿಯ ಅಂಕಣದಲ್ಲಿ ‘ಬಾಕಿ’ ಅಂತ ಇರುವುದನ್ನಷ್ಟೇ ಸೋಸಿ. ಇಪ್ಪತ್ತು ಇದ್ದರೆ ಇಪ್ಪತ್ತೂ ಕೇಳೋಕೆ ಹೋಗಬೇಡಿ, ಮೂರು ಆರಿಸಿ: ಗಡುವು ಹೇಳಿ ತಪ್ಪಿಸಿದ್ದು ಒಂದು, ನಡಾವಳಿಯಲ್ಲಿ ಬರೆಯದೆ ಬಿಟ್ಟದ್ದು ಒಂದು, ಬೇರೆ ಇಲಾಖೆಗೆ ಪತ್ರ ಬರೀತೀವಿ ಅಂದದ್ದು ಒಂದು. ಸಭೆ ಶುರುವಾದ ಕೂಡಲೇ ‘ಹಿಂದಿನ ನಡಾವಳಿ, ಅನುಪಾಲನಾ ವರದಿ ಓದಿ ಸಾರ್’ ಅಂತ ಕೇಳಿ. ಓದಿದರೆ ಅರ್ಧ ಕೆಲಸ ಅಲ್ಲೇ ಆಗುತ್ತೆ. ಕಾಯ್ದೆಯಲ್ಲಿ ಶೇ 10ರಷ್ಟು ಸದಸ್ಯರು ವಿಷಯ ನಮೂದಿಸಿ ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಬೇಕು ಅಂತಲೂ ಇದೆ. ಆ ಮನವಿಗೆ ಬೇಕಾದ ವಿಷಯಪಟ್ಟಿ ನಿಮ್ಮ ‘ಬಾಕಿ’ ಸಾಲುಗಳಲ್ಲೇ ಸಿದ್ಧವಿರುತ್ತೆ.

ಹೋಗುವಾಗ ಆ ಮೂರು ಸಾಲನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಹತ್ತು ಜೆರಾಕ್ಸ್ ಮಾಡಿಸಿಕೊಳ್ಳಿ. ಫೋನಿನ ಪರದೆ ಹಿರಿಯರಿಗೆ ಕಾಣಲ್ಲ, ಬಿಸಿಲಲ್ಲಿ ನಿಮಗೂ ಕಾಣಲ್ಲ. ‘ಯಾವ ಸಭೇಲಿ? ಯಾವ ತಾರೀಕು?’ ಅಂತ ವೇದಿಕೆಯಿಂದ ಕೇಳಿದಾಗ ಹಿಂದಿನ ಸಾಲಿನಲ್ಲಿ ಕೂತವರೇ ಹಾಳೆ ನೋಡಿ ಓದಿ ಹೇಳಲಿ.